ಬರೇ ತಡಿಯೂದು ಕಲಿತ್ರ ಸಾಕಾ, ಹೊಡಿಯೂದೂ ಕಲಿಸಬೇಕಾ? ಅನುಭವ ಇದ್ದವರು ಹೇಳ್ರಿ

ಬಾಗಲಕೋಟೆ ನವನಗರದಿಂದ, ಒಬ್ಬ ತಾಯಿ

ಮಗಳು ಪಿಯುಸಿ ಮೊದಲನೇ ವರ್ಷ. ಸಂಜಿಮುಂದ ಟ್ಯೂಷನ್ ಮುಗಿಸಿ ಬರೂವಾಗ ಇಬ್ಬರು ಹುಡುಗರು ಹಿಂದ ಬರಾಕತ್ತಾರ. ಆತ್ಮರಕ್ಷಣೆ ಕಲಿಸೂಣು ಅಂತ ಎರಡು ಕ್ಲಾಸ್ ನೋಡಿ ಬಂದ್ವಿ. ಒಂದರಾಗ ಸರ್ ಹೇಳಿದ್ರು, ‘ರಕ್ಷಣೆ ಅಂದ್ರ ತಡಿಯೂದು, ಮೊದಲನೇ ವರ್ಷ ಬರೇ ಬ್ಲಾಕ್.’ ಇನ್ನೊಂದರಾಗ, ‘ಬ್ಲಾಕ್ ಎಲ್ಲಾ ಟೈಮ್ ವೇಸ್ಟ್, ಮೊದಲ ದಿನದಿಂದ ಹೊಡಿಯೂದ ಕಲಸ್ತೀವಿ’ ಅಂದ್ರು. ಆಕಿ ಅಪ್ಪಗ ಬ್ಯಾರೆ ಚಿಂತಿ: ಮಗಳು ಕೈ ಎತ್ತಿದ್ರ ನಮ್ಮ ಮ್ಯಾಲ ಕೇಸ್ ಆಗತೈತಿ ಅಂತ. ಕಲಿತವರು, ಕಲಿಸಿದವರು ಯಾರರ ಇದ್ರ ದಾರಿ ಹೇಳ್ರಿ.

ಬೆಳಗಾವಿ ಟಿಳಕವಾಡಿಯಿಂದ, ಹುಡುಗ್ಯಾರಿಗೆ ಕರಾಟೆ ಕಲಿಸಾಕಿ

ಅಕ್ಕಾರ, ಇಬ್ಬರೂ ಅರ್ಧ ಅರ್ಧ ಹೇಳ್ಯಾರ.

ಬ್ಲಾಕ್ ಬ್ಯಾಡ ಅಂತ ನಾ ಹೇಳೂದಿಲ್ಲ. ಜಪಾನಿನ ಒಕಿನಾವಾ ದ್ವೀಪದ ಗಿಚಿನ್ ಫುನಕೋಶಿ 1922ರಾಗ ಟೋಕಿಯೋಕ್ಕ ಬಂದು ಕರಾಟೆ ತೋರಿಸಿದ್ರು. ಕರಾಟೆಯೊಳಗ ಮೊದಲ ಏಟು ನಮ್ಮದಲ್ಲ ಅನ್ನೂದು ಅವರು ಹಾಕಿಕೊಟ್ಟ ನೇಮ. ಹೊಸಬರು ಕಲಿಯೂ ಹೇಯಾನ್ ಶೋದಾನ್ ಕಟಾ (ತಡಿಯೂದು, ಹೊಡಿಯೂದು ಸಾಲಾಗಿ ಕೂಡಿಸಿದ ಒಬ್ಬರ ಅಭ್ಯಾಸ) ಸೈತ ಗೆದಾನ್ ಬರಾಯ್‌ನಿಂದ, ಅಂದ್ರ ಕೆಳಗ ಬರೂ ಏಟು ತಡಿಯೂದರಿಂದ ಶುರು ಆಗತೈತಿ. ಆದ್ರ ಅದರ ಬೆನ್ನಿಗೇ ಒಂದು ಹೆಜ್ಜಿ ಮುಂದಿಟ್ಟು ಗುದ್ದೂದು ಐತಿ. ವರ್ಷಗಟ್ಟಲೆ ಮೊದಲಿನ ಅರ್ಧ ಅಷ್ಟ ಮಾಡ್ಸಿದ್ರ ಆ ಕಟಾಕ್ಕೂ ನ್ಯಾಯ ಅಲ್ಲ.

ಇನ್ನೊಂದು ಮಾತು. ಕಣ್ಣಿಗೆ ಕಂಡದ್ದಕ್ಕ ಕೈ ಏಳಾಕ ಸುಮಾರು 0.2 ಸೆಕೆಂಡ್ ಬೇಕು. ಕೈಯಳತಿಯೊಳಗ ನಿಂತಂವ ಗುದ್ದಿದ್ರ ಅಷ್ಟರಾಗ ಮಾರಿಗೆ ಮುಟ್ಟಿರತೈತಿ. ಕ್ಲಾಸಿನಾಗ ಎದುರಿನವರು ಎಲ್ಲಿಗೆ ಹೊಡಿತಾರ ಅಂತ ಮೊದಲ ಗೊತ್ತಿರತೈತಿ, ಅದಕ್ಕ ಬ್ಲಾಕ್ ಚಂದ ಬೀಳತೈತಿ. ರಸ್ತ್ಯಾಗ ಯಾರೂ ಹೇಳಿ ಹೊಡಿಯೂದಿಲ್ಲ. ಅದಕ್ಕ ನಾನು ಮೊದಲು ಕಲಿಸೂದು ದೂರ: ಎರಡು ಕೈಯಳತಿ ಅಂತರ, ಎರಡೂ ಅಂಗೈ ತೆರೆದು ಎದಿ ಮಟ್ಟಕ್ಕ, ‘ದೂರ ನಿಲ್ಲು!’ ಅಂತ ಓಣಿಗೆಲ್ಲಾ ಕೇಳೂ ಹಂಗ ದನಿ. ನೋಡಿದವರಿಗೆ ಆಕಿ ಬ್ಯಾಡ ಅನ್ನಾಕತ್ತಾಳ ಅಂತ ಗೊತ್ತಾಗತೈತಿ. ಕೈ ಮಾತ್ರ ತಡಿಯಾಕೂ ಹೊಡಿಯಾಕೂ ತಯಾರ ಇರತಾವು.

ಅಂತರ ದಾಟಿ ಬಂದು ಮಣಿಕಟ್ಟು ಹಿಡದ್ರ? ಅವನ ಹೆಬ್ಬೆರಳು ಉಳಿದ ಬೆರಳಿಗೆ ಕೂಡೂ ಸಂದು ಐತೆಲ್ಲಾ, ಹಿಡಿತ ಅಲ್ಲೇ ಸಡ್ಲ. ನಮ್ಮ ಕೈಯ ಅಂಚು ಆ ಸಂದಿಗೆ ತಿರುಗಿಸಿ, ಮೊಳಕೈ ಮಡಚಿ, ಬರೇ ತೋಳಿನಿಂದಲ್ಲ, ಮೈ ತಿರುಗಿಸಿ ಎಳಕೋಬೇಕು. ಇದು ಹುಡುಗ್ಯಾರಿಗೆ ಲಗೂನ ಬರತೈತಿ. ಆದ್ರ ಪ್ರತಿ ಹೊಸ ಬ್ಯಾಚಿನಾಗ ನಾ ಕಾಣೂದು ಒಂದ: ಛಂದ ಬಿಡಿಸ್ಕೋತಾರ, ಆಮ್ಯಾಲ ಅಲ್ಲೇ ನಿಂತು ‘ಸರಿ ಬಂತೇನ್ರಿ ಟೀಚರ್?’ ಅಂತ ನನ್ನ ಮಾರಿ ನೋಡ್ತಾರ. ಅಷ್ಟರಾಗ ಜೋಡೀದಾಕಿ ಇನ್ನೊಂದು ಕೈ ಹಿಡದಿರತಾಳ.

ಆ ಹೊತ್ತಿನಾಗ ಏಟು ಬೇಕ್ರಿ. ಮುಷ್ಟಿ ಬ್ಯಾಡ, ರೂಢಿ ಇಲ್ಲದವರು ಮುಷ್ಟಿಯಿಂದ ಗಟ್ಟಿ ಜಾಗಕ್ಕ ಗುದ್ದಿದ್ರ ಕಿರುಬೆರಳ ಕಡೆ ಎಲುಬು ಮುರಿತೈತಿ. ಅಂಗೈ ಬುಡದಿಂದ ಮೂಗಿಗೆ ಇಲ್ಲಾ ಗದ್ದಕ್ಕ, ಹತ್ರ ಇದ್ರ ಮೊಣಕಾಲು. ಅಂವ ಹಿಂದ ಸರಿದ ಅಂದ್ರ ಓಡೂದು. ಅವನನ್ನ ಸೋಲಿಸೂದು ಆಕಿ ಕೆಲಸ ಅಲ್ಲ, ಮನಿಗೆ ಬರೂದು ಆಕಿ ಕೆಲಸ. ಹೊಡೆತ ಕಲಿಸೂ ಮುಂದ ಇದನ್ನ ಹೇಳಲಾರದ ಬಿಟ್ರ ಹುಡುಗ್ಯಾರು ನಿಂತು ಹೊಡದಾಡ್ತಾರ. ಎರಡನೇ ಕ್ಲಾಸಿನ ಬಗ್ಗೆ ನನಗ ಅದ ಅಂಜಿಕಿ.

ಮುಧೋಳದಿಂದ, ಗರಡಿಯಾಂವ

ಟೀಚರ್ ಬರದದ್ದು ಖರೆ ಐತಿ. ಕುಸ್ತ್ಯಾಗ ಗುದ್ದೂಹಂಗಿಲ್ಲ, ಆದ್ರೂ ಬರೇ ತಡಕೊಂಡು ನಿಂತಂವ ಗೆದ್ದದ್ದು ನಾ ನೋಡಿಲ್ಲ. ನಮ್ಮ ಉಸ್ತಾದರು ಹೇಳೂದು, ಹಿಡಿತ ಗಟ್ಟಿ ಆಗೂಕಿಂತ ಮೊದಲ ಸರೀಬೇಕು, ಸರದು ಅಲ್ಲಿಂದನ ಎದುರು ಡಾವು ಹಾಕಬೇಕು.

ತಂಗಿಗೆ ಒಂದು ಕಲಿಸ್ರಿ. ಹಿಂದಿನಿಂದ ಅಪ್ಪಿ ಎತ್ತಾಕ ಬಂದ್ರ ಸೆಟೆದು ನಿಲ್ಲಬಾರದು, ಮೊಣಕಾಲು ಮಡಚಿ ಸೊಂಟ ಕೆಳಗ ಬಿಡಬೇಕು. ಎತ್ತೂದು ಕಷ್ಟ ಆಗತೈತಿ. ಆಗ ಹಿಮ್ಮಡಿಯಿಂದ ಅವನ ಪಾದ ತುಳೀಬೇಕು. ಕಣದಾಗ ಕೆಡವಿ ಮ್ಯಾಲ ಕೂತ್ರ ಗೆಲುವು, ರಸ್ತ್ಯಾಗ ಅದು ಅಪಾಯ. ಆಕಿ ಹಿಂದ ಬರಾವ್ರು ಇಬ್ಬರು ಅಂತೀರಿ. ಒಬ್ಬನ ಜೋಡಿ ನೆಲಕ್ಕ ಬಿದ್ರ ಇನ್ನೊಬ್ಬ ನಿಂತಿರತಾನ.

ವಿಜಯಪುರದಿಂದ, ವಕೀಲರು

ಯಜಮಾನರ ಅಂಜಿಕೆಗೆ ಉತ್ತರ ಕೊಡ್ತೀನಿ. 2024ರ ಜುಲೈ 1ರಿಂದ ಜಾರಿಯಲ್ಲಿರೋ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳು ಖಾಸಗಿ ರಕ್ಷಣೆಯ ಹಕ್ಕಿನವು. ಮೊದಲ ಏಟು ಬೀಳೋ ತನಕ ಕಾಯಬೇಕು ಅಂತ ಅಲ್ಲಿ ಎಲ್ಲೂ ಇಲ್ಲ. ಮೈಗೆ ಅಪಾಯ ಬಂತು ಅನ್ನೋ ಸಕಾರಣ ಭಯ ಹುಟ್ಟಿದ ಕೂಡಲೇ ಹಕ್ಕು ಶುರುವಾಗ್ತದ, ಆ ಭಯ ಇರೋ ತನಕ ಇರ್ತದ. ಇದು 40ನೇ ಕಲಮು. 37ನೇದು ಮಿತಿ ಹೇಳ್ತದ: ರಕ್ಷಣೆಗೆ ಬೇಕಾದದ್ದಕ್ಕಿಂತ ಹೆಚ್ಚು ಪೆಟ್ಟು ಕೊಡೋಹಂಗಿಲ್ಲ. ಅಪಹರಣ, ಅತ್ಯಾಚಾರ, ಆ್ಯಸಿಡ್ ದಾಳಿಯಂಥ ಸಂದರ್ಭದಲ್ಲಿ ಮಾತ್ರ 38ನೇ ಕಲಮು ಎದುರಿನವನ ಜೀವ ಹೋದರೂ ರಕ್ಷಣೆ ಕೊಡ್ತದ. ಆದರೆ ಅಪಾಯ ತಪ್ಪಿ, ಅವನು ಓಡಿಹೋಗೋವಾಗ ಬೆನ್ನಟ್ಟಿ ಹೊಡೆದರೆ ಅದು ರಕ್ಷಣೆ ಅಲ್ಲ.

ಅದಕ್ಕೂ ಮೊದಲು, ಹಿಂಬಾಲಿಸೋದೇ 78ನೇ ಕಲಮಿನ ಅಪರಾಧ. ಮಗಳಿಗೆ 18 ತುಂಬಿಲ್ಲ ಅಂದರೆ ಪೋಕ್ಸೋ ಕಾಯ್ದೆಯೂ ಬರಬಹುದು. ದಿನ, ವೇಳೆ, ಬೈಕ್ ನಂಬರ್ ಬರೆದಿಟ್ಟುಕೊಂಡು ಠಾಣೆಗೆ ಲಿಖಿತ ದೂರು ಕೊಡ್ರಿ. ಕ್ಲಾಸ್ ಆಮೇಲೆ.

ನವನಗರದ ತಾಯಿ

ದೂರು ನಾಳೆನ ಕೊಡ್ತೀವ್ರಿ ವಕೀಲರ. ಟೀಚರ್, ಹಂಗಾರ ಕ್ಲಾಸ್ ಯಾವುದಕ್ಕ ಹಾಕ್ಲಿ? ಚಾಕು ತಂದ್ರ ಏನು ಮಾಡಬೇಕು?

ಟಿಳಕವಾಡಿಯ ಟೀಚರ್

ಚಾಕು ಕಂಡ್ರ ಬ್ಲಾಕೂ ಬ್ಯಾಡ, ಏಟೂ ಬ್ಯಾಡ. ಮೊಬೈಲು, ಪರ್ಸು ಕೇಳಿದ್ರ ಅತ್ತಾಗ ಒಗದು ಇತ್ತಾಗ ಓಡೂದು. ಓಡಾಕ ದಾರೀನ ಇಲ್ಲ ಅಂದಾಗ ಮಾತ್ರ ಉಳಿದದ್ದು.

ಕ್ಲಾಸಿಗೆ ಹೋಗಿ ಒಂದು ತಾಸು ಸುಮ್ಮನ ಕೂತು ನೋಡ್ರಿ. ಜೋಡೀದವರು ಖರೇನ ಗಟ್ಟಿ ಹಿಡಿತಾರೋ, ಹಿಡಿದಂಗ ಮಾಡಿ ಬಿಡ್ತಾರೋ? ಬಿಡಿಸ್ಕೊಂಡ ಮ್ಯಾಲ ಏಟು, ಏಟಿನ ಮ್ಯಾಲ ಓಟ, ಮೂರೂ ಒಂದ ಉಸಿರಿನಾಗ ಮಾಡಸ್ತಾರೇನು? ಒದರಾಕ ಕಲಸ್ತಾರೇನು? ಕಪ್, ಮೆಡಲ್ ನೋಡಿ ಹಾಕಬ್ಯಾಡ್ರಿ. ಸ್ಪರ್ಧಾದ ಕುಮಿತೆಯೊಳಗ, ಅಂದ್ರ ಇಬ್ಬರ ಕಾದಾಟದಾಗ, ಏಟಿಗೆ 1, 2 ಇಲ್ಲಾ 3 ಅಂಕ ಕೊಡಾಕ ರೆಫ್ರಿ ಆಟ ನಿಲ್ಲಿಸ್ತಾರ, ಮಕ್ಕಳಿಗೂ ಹೊಡದು ನಿಲ್ಲೂದ ರೂಢಿ ಆಗತೈತಿ. ಬ್ಲಾಕ್ ಕಲಿಸೂ ಸರ್‌ನ ಕೇಳ್ರಿ, ‘ತಡದ ಮ್ಯಾಲ ಏನು?’ ಅಂತ. ಮುಂದಿನದು ಮಾಡಿ ತೋರಿಸಿದ್ರ ಅಲ್ಲೇ ಹಾಕ್ರಿ, ಅವರ ಬುನಾದಿ ಗಟ್ಟಿ ಇರತೈತಿ.

ಮತ್ತ ಒಂದ ಸಂಜಿ ನೀವೂ ಆಕಿ ಜೋಡಿ ಟ್ಯೂಷನ್ ದಾರಿ ನಡೀರಿ. ಆಕಿ ಬರೂ ವ್ಯಾಳ್ಯಾಕ್ಕ ಯಾವ ಕಿರಾಣಿ ಅಂಗಡಿ, ಯಾವ ಮೆಡಿಕಲ್ ತೆರೆದಿರತೈತಿ ನೋಡಿ, ಅಂಗಡಿಯವರಿಗೆ ಮಗಳ ಗುರ್ತು ಮಾಡಿಕೊಟ್ಟು ಬರ್ರಿ. 112 ಹೆಂಗ ಹಚ್ಚೂದು ಅನ್ನೂದನ್ನೂ ಆಕಿಗೆ ಆವತ್ತ ತೋರಿಸ್ರಿ.