ಹೆಡ್ ಗ್ಯಾಸ್ಕೆಟ್ ಹಾಕ್ಸಿ 4 ತಿಂಗಳಿಗೆ ಪಿಸ್ಟನ್ ಹೋಯ್ತು, ಎರಡಕ್ಕೂ ಸಂಬಂಧಾನೇ ಇಲ್ಲ ಅಂತಾರೆ, ನಿಜಾನಾ?

ಘಾಟಿ ಪಿಕಪ್:
ನಂದು 4 ಸಿಲಿಂಡರ್ ಡೀಸೆಲ್ ಪಿಕಪ್, ಸಿಲಿಂಡರ್ ಇರೋ ಬ್ಲಾಕ್ ಬೀಡು ಕಬ್ಬಿಣ, ಅದರ ಮೇಲೆ ಮುಚ್ಚಳದ ಥರ ಕೂರೋ ಹೆಡ್ ಅಲ್ಯೂಮಿನಿಯಂ. ಮಂಗಳೂರಿಂದ ಹೆಂಚು ಲೋಡ್ ಮಾಡ್ಕೊಂಡು ಶಿರಾಡಿ ಹತ್ತೋವಾಗ ಗುಂಡ್ಯ ದಾಟಿ ಸ್ವಲ್ಪ ದೂರಕ್ಕೇ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಯ್ತು, ನಿಲ್ಸೋಕೆ ಜಾಗ ಇರ್ಲಿಲ್ಲ, ಹಿಂದೆ ಲಾರಿಗಳ ಸಾಲು, ಹಂಗೇ 2 ಕಿಲೋಮೀಟರ್ ಎಳೆದೆ. ಆಮೇಲೆ ಗ್ಯಾರೇಜಲ್ಲಿ ಹೆಡ್ ಗ್ಯಾಸ್ಕೆಟ್ (ಹೆಡ್ಡಿಗೂ ಬ್ಲಾಕಿಗೂ ನಡುವೆ ಸೀಲ್ ಮಾಡೋ ಹಾಳೆ) ಹೋಗಿದೆ ಅಂತ ಹೊಸದು ಹಾಕಿ ಬೆಳಗ್ಗೆ ಬಿಟ್ಟ ಗಾಡಿ ಸಂಜೆಗೆ ಕೊಟ್ರು. ಅಲ್ಲಿಂದ ಮೂರು ನಾಲ್ಕು ದಿನಕ್ಕೊಮ್ಮೆ ಅರ್ಧ ಲೀಟರ್ ನೀರು ಕಮ್ಮಿ, ಕೆಳಗೆ ಒಂದು ಹನಿನೂ ಬಿದ್ದಿರಲ್ಲ. ಬೆಳಗ್ಗೆ ಸ್ಟಾರ್ಟ್ ಮಾಡಿದ್ರೆ ಅರ್ಧ ನಿಮಿಷ ಮಿಸ್ಸಿಂಗ್ (ಎಂಜಿನ್ ತಡೆದು ತಡೆದು ಓಡೋದು), ಬಿಳಿ ಹೊಗೆ, ಆಮೇಲೆ ಸರಿಯಾಗ್ತಿತ್ತು, ನಾನೂ ಬಿಟ್ಟುಬಿಟ್ಟೆ. ಹೋದ ವಾರ ಟಕ ಟಕ ಸೌಂಡು, ಗಾಡಿ ಎಳೆಯೋದೇ ಇಲ್ಲ. ಬಿಚ್ಚಿದ್ರೆ 3ನೇ ಪಿಸ್ಟನ್ ಸ್ಕರ್ಟ್ (ಪಿಸ್ಟನ್ನಿನ ಕೆಳಗಿನ ಪಕ್ಕ) ತುಂಬಾ ಉದ್ದುದ್ದ ಗೆರೆ, ಬೋರಲ್ಲೂ (ಸಿಲಿಂಡರ್ ಒಳಗೋಡೆ) ಗೆರೆ, ರಿಂಗ್ ಜಾಮು. ಗ್ಯಾರೇಜಿನವರು ನೀವು ಆಯಿಲ್ ನೋಡ್ಕೊಂಡಿಲ್ಲ, ಹೆಡ್ ಕೆಲಸ ಬೇರೆ ಇದು ಬೇರೆ ಅಂತಾರೆ. ಮೇಲಿರೋ ಹೆಡ್ಡು ಕೆಳಗಿರೋ ಪಿಸ್ಟನ್ ಹಾಳು ಮಾಡುತ್ತಾ?

ಲೇತ್ ಮನಿ ಹುಬ್ಬಳ್ಳಿ:
ಮಾಡ್ತೈತ್ರಿ, ಚೆಂದಾಗೇ ಮಾಡ್ತೈತಿ. ಅಲ್ಯೂಮಿನಿಯಂ ಕಾದ್ರ ಬೀಡಿಗಿಂತ ಹತ್ತತ್ರ ಎರಡು ಪಟ್ಟು ಹಿಗ್ಗತೈತಿ, ಆದ್ರ ಬೋಲ್ಟು ಅದನ್ನ ಅಲುಗಾಡಾಕ ಬಿಡಂಗಿಲ್ಲ, ಹಂಗಾಗಿ ಹೆಡ್ ಡೊಂಕಾಗತೈತಿ. ಡೊಂಕು ಹೆಡ್ಡಿಗೆ ಎಷ್ಟು ಹೊಸಾ ಗ್ಯಾಸ್ಕೆಟ್ ಹಾಕಿದ್ರೂ ಕೂಡಂಗಿಲ್ಲ. ಒಂದ ದಿನದಾಗ ಗಾಡಿ ಕೊಟ್ಟಾರ ಅಂದ್ರ ಹೆಡ್ ಫೇಸಿಂಗಿಗೆ (ತಳ ಕೆರದು ಸಪಾಟ ಮಾಡೂದು) ಕಳಿಸಿಲ್ಲ, ನೆಟ್ಟನ ಪಟ್ಟಿ ಇಟ್ಟು ಡೊಂಕು ನೋಡೇ ಇಲ್ಲ ಅಂತ ನನ್ನ ಅಂದಾಜು.

ಈಗ ಪಿಸ್ಟನ್ ಕಥಿ. ಗಾಡಿ ಓಡೂಮುಂದ ಸಿಲಿಂಡರ್ ಒಳಗಿನ ಗ್ಯಾಸು ನೀರಿನ ದಾರಿಗೆ ನುಗ್ಗತೈತಿ, ನೀವು ಆಫ್ ಮಾಡಿದ ಮ್ಯಾಲ ಉಲ್ಟಾ, ಬಿಸಿ ರೇಡಿಯೇಟರಿನಾಗ ಸುಮಾರು 1 ಬಾರ್ ಪ್ರೆಷರ್ ಉಳಿದಿರತೈತಿ, ಅದು ನೀರನ್ನ ಸಾವಕಾಶ ಸಿಲಿಂಡರಿಗೆ ತಳ್ಳತೈತಿ. ರಾತ್ರಿಯೆಲ್ಲಾ ಪಿಸ್ಟನ್ ಮ್ಯಾಲ ನೀರು. ಮುಂಜಾನೆ ಸೆಲ್ಫ್ ಹೊಡದ್ರ ಬೋರಿನ ಗ್ವಾಡಿ ಮ್ಯಾಲಿನ ಆಯಿಲ್ ಪದರು ತೊಳದು ಹೋಗಿರತೈತಿ, ರಿಂಗು ಒಣಗೇ ತಿಕ್ಕತಾವು. ಆಯಿಲ್ ಚೇಂಬರಿನಾಗ ಐದು ಲೀಟರ್ ಇದ್ರೂ ಅಲ್ಲಿ ಇಲ್ಲಲ್ರೀ. ನಿಮ್ಮ ಅರ್ಧ ನಿಮಿಷದ ಮಿಸ್ಸಿಂಗ್ ಅಂದ್ರ ಅದ. ಇನ್ನ ನೀರು ಜಾಸ್ತಿ ನಿಂತಿದ್ರ ಅದು ಒತ್ತಿದ್ರ ಸಣ್ಣಾಗಂಗಿಲ್ಲ, ಕನೆಕ್ಟಿಂಗ್ ರಾಡ್ ಬೆಂಡ್ ಆಗತೈತಿ, ಅದನ್ನೂ ಅಲೈನ್‌ಮೆಂಟ್ ನೋಡಿಸ್ರಿ. ನಾಲ್ಕೂ ಪಿಸ್ಟನ್ ತಲಿ ಬಣ್ಣ ಹೆಂಗೈತಿ? ಇನ್ನೊಂದು, ಘಾಟಿನಾಗ ನಿಲ್ಲಿಸಿದಾಗ ಝರಿ ನೀರು ಹಾಕಿದ್ರೇನು? ಖರೆ ಹೇಳ್ರಿ.

ಹಳೇ ಡೀಸೆಲ್:
ಒಂದು ನಿಮಿಷ, ಎಲ್ಲಾ ಹೆಡ್ ಮೇಲೆ ಹಾಕ್ಬೇಡಿ. ಇಂಜೆಕ್ಟರ್ ತೊಟ್ಟಿಕ್ತಿದ್ರೂ ಡೀಸೆಲ್ ಬೋರ್ ತೊಳೆಯುತ್ತೆ, ಬಿಳಿ ಹೊಗೆನೂ ಬರುತ್ತೆ, ನಂಗೆ ಆಗಿದೆ. ಆದ್ರೆ ಅದರಲ್ಲಿ ಪಿಸ್ಟನ್ ತಲೆ ಸುಟ್ಟು ಗುಂಡಿ ಬಿದ್ದಿತ್ತು, ನೀರು ಕಮ್ಮಿ ಆಗಿರ್ಲಿಲ್ಲ. ನಿಮ್ಮ ನೀರು ಎಲ್ಲಿಗೋ ಹೋಗ್ತಿದೆಯಲ್ಲ, ಸೋ ಮೇಲಿನವರು ಹೇಳಿದ್ದೇ ಇರ್ಬೇಕು. ಆದ್ರೂ ಇಂಜೆಕ್ಟರ್ ಒಮ್ಮೆ ಟೆಸ್ಟಿಗೆ ಹಾಕಿ, ಹೊಸ ಪಿಸ್ಟನ್ ಹಾಕಿ ಅದೇ ಹಳೇ ಇಂಜೆಕ್ಟರ್ ಕೂರಿಸೋದು ಬೇಡ.

ಘಾಟಿ ಪಿಕಪ್:
ಈಗ ಹೋಗಿ ನೋಡ್ದೆ. 1, 2, 4 ಮಸಿ ಹಿಡಿದ ಒಲೆ ಹಂಗೆ ಕಪ್ಪು, 3ನೇದು ಮಾತ್ರ ಹುಣಸೆಹಣ್ಣು ಹಾಕಿ ಉಜ್ಜಿದ ಪಾತ್ರೆ ಥರ ಫಳಫಳ. ಬೆರಳಿಟ್ರೆ ಮಸಿನೇ ಅಂಟಲ್ಲ. ಗ್ಯಾರೇಜಿನ ಹುಡುಗನೇ ತೋರಿಸಿ ಇದೇನಣ್ಣ ಹಿಂಗೆ ಅಂದ.

ಝರಿ ನೀರು ಹೌದು, ಹಾಕ್ದೆ 😐 ಕ್ಯಾಪ್ ತೆಗೆದು ಕ್ಯಾನಲ್ಲಿ ಹಿಡ್ಕೊಂಡು ಬಂದು ಹೊಯ್ದೆ, ಬುಸ್ ಅಂತು. ಬೇರೆ ಏನು ಮಾಡ್ಬೇಕಿತ್ತು ಅಲ್ಲಿ.

ಲೇತ್ ಮನಿ ಹುಬ್ಬಳ್ಳಿ:
ತಾಸೊತ್ತು ಕೂತು ಚಾ ಕುಡಿಬೇಕಿತ್ತು. ಕಾದ ಹೆಡ್ಡಿಗೆ ತಣ್ಣೀರು ಬಿದ್ರ ಎರಡು ವಾಲ್ವ್ ಸೀಟಿನ ನಡುವಿನ ಸಣ್ಣ ಜಾಗದಾಗ ಕ್ರ್ಯಾಕ್ ಬರತೈತಿ, ಕಣ್ಣಿಗೆ ಕೂದಲಿನಂಗ ಕಾಣತೈತಿ, ಒಮ್ಮೊಮ್ಮೆ ಕಾಣಂಗೂ ಇಲ್ಲ. ಪಿಸ್ಟನ್ ಫಳಫಳ ಅಂದ್ರ ಹಬೆ ತೊಳದೈತಿ, ನೀರು ಒಳಗ ಹೋಗೇತಿ ಅನ್ನಾಕ ಸಾಕ್ಷಿ ಅದ. ಗ್ಯಾಸ್ಕೆಟ್ ಕಡಿಂದ ಬಂತೋ ಕ್ರ್ಯಾಕಿನಿಂದ ಬಂತೋ ಅಷ್ಟ ಉಳೀತು. ಹೆಡ್ಡಿಗೆ ಬಿಸಿನೀರಿನ ಪ್ರೆಷರ್ ಟೆಸ್ಟ್ ಮಾಡಿಸ್ರಿ, ತಣ್ಣೀರಿನಾಗ ಕ್ರ್ಯಾಕ್ ಬಾಯಿ ಬಿಡಂಗಿಲ್ಲ.

ಫೇಸಿಂಗ್ ಮಾಡಿಸಿದ್ರ ಎಷ್ಟು ತೆಗದ್ರು ಅಂತ ಬರಕೊಳ್ರಿ. ಜಾಸ್ತಿ ತೆಗದ್ರ ವಾಲ್ವ್ ಕೆಳಗ ಇಳದು ಪಿಸ್ಟನ್ನಿಗೇ ಬಡೀತಾವು, ಡೀಸೆಲ್ಲಿನಾಗ ಅಲ್ಲಿ ಜಾಗನ ಕಮ್ಮಿ. ಸುಮಾರು ಡೀಸೆಲ್ ಎಂಜಿನ್ನಿಗೆ ಎರಡು ಮೂರು ದಪ್ಪದ ಗ್ಯಾಸ್ಕೆಟ್ ಬರತಾವು, ದಪ್ಪ ಯಾವುದು ಅಂತ ತಿಳಿಯಾಕ ಅಂಚಿನಾಗ ಕಚ್ಚು ಇರತಾವು, ಎಣಿಸಿ ತಗೋರಿ. ಬ್ಲಾಕಿನ ಬೋಲ್ಟ್ ತೂತಿನಾಗ ನೀರು ಆಯಿಲ್ ನಿಂತಿದ್ರ ಗಾಳಿ ಹೊಡದು ಒಣಗಿಸ್ರಿ, ಒಣಗಿಸದ ಹಂಗ ಟೈಟ್ ಮಾಡಿದ್ರ ಬ್ಲಾಕ್ ಸೀಳತೈತಿ, ಹಂಗ ಸೀಳಿದ್ದು ನಮ್ಮ ಅಂಗಡಿ ಮೂಲ್ಯಾಗ ಒಂದು ಬಿದ್ದೈತಿ.

ಘಾಟಿ ಪಿಕಪ್:
ಇವತ್ತು ನಾನೇ ನಿಂತು ಪಟ್ಟಿ ಇಡಿಸ್ದೆ. 2ಕ್ಕೂ 3ಕ್ಕೂ ನಡುವೆ 0.15 ಎಂಎಂ ಫೀಲರ್ (ಸಂದಿ ಅಳೆಯೋ ತೆಳು ತಗಡು) ಸಲೀಸಾಗಿ ಒಳಗೆ ಹೋಯ್ತು, ಈ ಎಂಜಿನ್ನಿಗೆ 0.05 ಮೀರ್ಬಾರ್ದಂತೆ. ಗ್ಯಾರೇಜ್ ಓನರ್ ಮಾತಾಡ್ಲಿಲ್ಲ, ಲೇಬರ್ ಅರ್ಧ ಬಿಡ್ತೀನಿ ಅಂದ್ರು. ಝರಿ ನೀರಿನ ವಿಷಯ ನಾನೂ ಹೇಳಿಲ್ಲ. ಹೆಡ್ ಟೆಸ್ಟಿಗೆ ಹೋಗಿದೆ, ರಿಪೋರ್ಟ್ ನಾಡಿದ್ದು. ಅಷ್ಟರಲ್ಲಿ ಪಿಸ್ಟನ್ ಸೆಟ್ ಆರ್ಡರ್ ಮಾಡ್ಲಾ?

ಲೇತ್ ಮನಿ ಹುಬ್ಬಳ್ಳಿ:
ಬ್ಯಾಡ್ರಿ. ಬೋರ್ ಅಳತಿ ಮೊದಲು ಆಗಲಿ. ಗೆರಿ ಆಳ ಇದ್ರ ಬೋರ್ ಕೊರಿಸಿ ಅಗಲ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಬೇಕಾಗತೈತಿ, ಇಲ್ಲಾ ಒಳಗ ಸ್ಲೀವ್ (ಹೊಸಾ ಕೊಳವಿ). ಈಗ ಸ್ಟ್ಯಾಂಡರ್ಡ್ ತಂದಿಟ್ಟು ಆಮ್ಯಾಲ ವಾಪಸ್ ತಗೋ ಅಂದ್ರ ಅಂಗಡಿಯವ ತಗೊಳ್ಳಂಗಿಲ್ಲ.