ಚೀನೀ ಕಾರ್ಮಿಕರ ವಿರುದ್ಧ ಅಮೆರಿಕದ ಕಾರ್ಮಿಕ ಸಂಘಗಳೇ ನಿಂತದ್ದೇಕೆ?

ಪ್ರಶ್ನೆ:
ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಕಾರ್ಮಿಕ ಚಳವಳಿಯ ಬಗ್ಗೆ ಓದುವಾಗ ಒಂದು ವಿಷಯ ನನ್ನನ್ನು ಬಹಳ ಕಾಡುತ್ತಿದೆ. ಕಪ್ಪು ಜನರಿಗೂ ಮಹಿಳೆಯರಿಗೂ ಸದಸ್ಯತ್ವ ನೀಡಿದ್ದ ನೈಟ್ಸ್ ಆಫ್ ಲೇಬರ್ ಸಂಘಟನೆಯು ಚೀನೀಯರಿಗೆ ಮಾತ್ರ ಬಾಗಿಲು ಮುಚ್ಚಿತ್ತು. ಮಾಲೀಕರು ಅವರನ್ನು ಕಡಿಮೆ ಕೂಲಿಗೆ ದುಡಿಸಿಕೊಂಡದ್ದರಿಂದಲೇ ಈ ದ್ವೇಷ ಹುಟ್ಟಿತು ಎಂಬ ವಿವರಣೆ ಸಾಕೇ?

ಉತ್ತರ 1:
ಅದರಲ್ಲಿ ಸತ್ಯಾಂಶವಿದೆ. 1870ರಲ್ಲಿ ಮ್ಯಾಸಚೂಸೆಟ್ಸ್‌ನ ನಾರ್ತ್ ಆಡಮ್ಸ್ ಪಟ್ಟಣದ ಪಾದರಕ್ಷೆ ಕಾರ್ಖಾನೆಯೊಂದರ ಮಾಲೀಕ, ಮುಷ್ಕರ ಮುರಿಯುವುದಕ್ಕಾಗಿಯೇ 75 ಚೀನೀಯರನ್ನು ಕ್ಯಾಲಿಫೋರ್ನಿಯಾದಿಂದ ಕರೆಸಿಕೊಂಡಿದ್ದ. ಆದರೆ ಚೀನೀಯರು ಹಕ್ಕಿಗಾಗಿ ಹೋರಾಡದ ಜನ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅದಕ್ಕೆ ಮೂರು ವರ್ಷ ಮೊದಲೇ, 1867ರ ಜೂನ್‌ನಲ್ಲಿ, ಸಿಯೆರಾ ನೆವಾಡ ಪರ್ವತಗಳಲ್ಲಿ ಬಂಡೆ ಸೀಳಿ ರೈಲುಹಾದಿ ಮಾಡುತ್ತಿದ್ದ ಸಾವಿರಾರು ಚೀನೀ ಕಾರ್ಮಿಕರು ಹೆಚ್ಚಿನ ಕೂಲಿಯನ್ನೂ ಕಡಿಮೆ ಅವಧಿಯ ದುಡಿಮೆಯನ್ನೂ ಕೇಳಿ ಒಟ್ಟಾಗಿ ಕೆಲಸ ನಿಲ್ಲಿಸಿದ್ದರು. ಆ ಹಾದಿ ಕಟ್ಟಿಸುತ್ತಿದ್ದ ಸೆಂಟ್ರಲ್ ಪೆಸಿಫಿಕ್ ಕಂಪನಿಯ ಚಾರ್ಲ್ಸ್ ಕ್ರಾಕರ್, ಆ ಕಾರ್ಮಿಕರ ಆಹಾರ ಸರಬರಾಜನ್ನೇ ತಡೆದು, ಹಸಿವಿನಿಂದ ಆ ಮುಷ್ಕರವನ್ನು ಮಣಿಸಿದ. ಇಂಥವರನ್ನು ಜೊತೆಗೆ ಸೇರಿಸಿಕೊಳ್ಳಬೇಕಾಗಿದ್ದ ಚಳವಳಿ ಬೇರೆ ದಾರಿ ಹಿಡಿಯಿತು. 1877ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವರ್ಕಿಂಗ್‌ಮೆನ್ಸ್ ಪಾರ್ಟಿ ಕಟ್ಟಿ 'ಚೀನೀಯರು ತೊಲಗಲೇಬೇಕು' ಎಂದು ಕೂಗಿದ ಡೆನಿಸ್ ಕಿಯರ್ನಿ ಸ್ವತಃ ಐರ್ಲೆಂಡಿನಿಂದ ವಲಸೆ ಬಂದವನು.

ಉತ್ತರ 2:
ಕೂಲಿಯೊಂದೇ ಕಾರಣವಾಗಿದ್ದರೆ, ಚೀನೀ ಕಾರ್ಮಿಕರ ಪ್ರವೇಶವನ್ನು ನಿಷೇಧಿಸಿದ 1882ರ ಕಾಯ್ದೆಯ ನಂತರ ದ್ವೇಷ ತಣ್ಣಗಾಗಬೇಕಿತ್ತು. ಮೂರೇ ವರ್ಷಕ್ಕೆ, 1885ರ ಸೆಪ್ಟೆಂಬರ್ 2ರಂದು, ವಯೋಮಿಂಗ್‌ನ ರಾಕ್ ಸ್ಪ್ರಿಂಗ್ಸ್ ಕಲ್ಲಿದ್ದಲು ಗಣಿಯ ಬಿಳಿಯ ಕಾರ್ಮಿಕರು ಕನಿಷ್ಠ 28 ಚೀನೀಯರನ್ನು ಕೊಂದು, ಅವರ ಮನೆಗಳಿಗೆ ಬೆಂಕಿಯಿಟ್ಟರು. ಯಾರಿಗೂ ಶಿಕ್ಷೆಯಾಗಲಿಲ್ಲ. ಮುಂದೆ ಇದೇ ವಾದ ಜಪಾನೀಯರ ಮೇಲೂ ಭಾರತೀಯರ ಮೇಲೂ ತಿರುಗಿತು. 1907ರಲ್ಲಿ ವಾಷಿಂಗ್ಟನ್ ರಾಜ್ಯದ ಬೆಲ್ಲಿಂಗ್‌ಹ್ಯಾಮ್‌ನಲ್ಲಿ ಮರದ ಗಿರಣಿಗಳಲ್ಲಿ ದುಡಿಯುತ್ತಿದ್ದ ಪಂಜಾಬಿಗಳನ್ನು ಗುಂಪುಗಟ್ಟಿ ಊರಿನಿಂದಲೇ ಓಡಿಸಲಾಯಿತು.

ಪ್ರಶ್ನೆ ಕೇಳಿದವರು:
ಕಾರ್ಮಿಕರ ಒಳಗಿನಿಂದಲೇ ಇದನ್ನು ವಿರೋಧಿಸಿದವರು ಯಾರೂ ಇರಲಿಲ್ಲವೇ?

ಉತ್ತರ 1:
ಇದ್ದರು, ಮತ್ತು ಅವರ ನೆನಪು ಉಳಿಯಬೇಕೆಂಬುದು ನನ್ನ ಮನಃಪೂರ್ವಕ ಆಸೆ. 1903ರಲ್ಲಿ ಕ್ಯಾಲಿಫೋರ್ನಿಯಾದ ಆಕ್ಸ್‌ನಾರ್ಡ್‌ನಲ್ಲಿ ಸಕ್ಕರೆ ಬೀಟ್ ಹೊಲಗಳ ಜಪಾನೀ ಮತ್ತು ಮೆಕ್ಸಿಕನ್ ಕೂಲಿಗಳು ಒಂದೇ ಸಂಘ ಕಟ್ಟಿ ಮುಷ್ಕರ ಗೆದ್ದರು. ಅವರು ಕಾರ್ಮಿಕ ಸಂಘಗಳ ಒಕ್ಕೂಟವಾದ ಅಮೆರಿಕನ್ ಫೆಡರೇಶನ್ ಆಫ್ ಲೇಬರ್‌ನ ಮಾನ್ಯತೆ ಕೋರಿದಾಗ, ಲಂಡನ್‌ನಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದಿದ್ದ ಅದರ ಅಧ್ಯಕ್ಷ ಸ್ಯಾಮ್ಯುಯೆಲ್ ಗಾಂಪರ್ಸ್, ಚೀನೀಯರನ್ನಾಗಲಿ ಜಪಾನೀಯರನ್ನಾಗಲಿ ಸೇರಿಸಿಕೊಳ್ಳಬಾರದೆಂಬ ಷರತ್ತು ವಿಧಿಸಿದರು. ಮೆಕ್ಸಿಕನ್ ಶಾಖೆಯ ಕಾರ್ಯದರ್ಶಿ ಲಿಜಾರಾಸ್, ತಮ್ಮ ಜೊತೆ ಹಸಿದು ದುಡಿದು ಹೋರಾಡಿದವರನ್ನು ಕೈಬಿಟ್ಟು ಪಡೆಯುವ ಮಾನ್ಯತೆ ತಮಗೆ ಬೇಡವೆಂದು ಉತ್ತರ ಬರೆದು ಕಳುಹಿಸಿದರು.