ಅಪ್ಪನ ಹೆಸರಿನ ಕೋವಿಗಳನ್ನು ನನ್ನ ಲೈಸೆನ್ಸಿಗೆ ಸೇರಿಸಬಹುದೇ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆ. ಅಪ್ಪ ತೀರಿಕೊಂಡು ಎರಡು ತಿಂಗಳಾಯಿತು. ಅವರ ಲೈಸೆನ್ಸಿನಲ್ಲಿ ಜೋಡಿ ನಳಿಗೆಯ ತೋಟಾ ಕೋವಿ, ಒಂದು ಕೇಪಿನ ಕೋವಿ (ನಳಿಗೆಯ ಬಾಯಿಂದ ಮದ್ದು ತುಂಬುವುದು) ಇವೆ. ನನ್ನ ಹೆಸರಲ್ಲಿ ಆಗಲೇ ಒಂದು ಒಂಟಿ ನಳಿಗೆ ಇದೆ. ಮೂರನ್ನೂ ಇಟ್ಟುಕೊಳ್ಳಬಹುದೇ ಸರ್?

ವಕೀಲರ ಉತ್ತರ: ಆಗುವುದಿಲ್ಲ. ಶಸ್ತ್ರಾಸ್ತ್ರ ಕಾಯ್ದೆಗೆ 2019ರ ತಿದ್ದುಪಡಿ ಬಂದಮೇಲೆ ಒಬ್ಬರಿಗೆ ಎರಡೇ ಕೋವಿ. ಪಿತ್ರಾರ್ಜಿತವಾದರೂ ಅಷ್ಟೇ, ಬಳಸುತ್ತಿರುವ ಕೇಪಿನ ಕೋವಿಯೂ ಲೆಕ್ಕಕ್ಕೆ ಸೇರುತ್ತದೆ. ಈ ಮಿತಿ ಸರಿಯಾದದ್ದೇ ಎಂದು ನನ್ನ ಅಭಿಪ್ರಾಯ. ವಾರಸುದಾರರಿಲ್ಲದೆ ಅಟ್ಟದ ಮೇಲೆ ಬಿದ್ದಿರುವ ಕೋವಿಯಷ್ಟು ಅಪಾಯದ್ದು ಬೇರಿಲ್ಲ.

ಅದಕ್ಕಿಂತ ತುರ್ತಿನ ಮಾತು: ಅಪ್ಪನ ಕೋವಿಗಳು ಇನ್ನೂ ಮನೆಯಲ್ಲಿದ್ದರೆ ಇವತ್ತೇ ಠಾಣೆಗೋ ಲೈಸೆನ್ಸ್ ಇರುವ ಕೋವಿ ಅಂಗಡಿಗೋ ಒಪ್ಪಿಸಿ. ನಿಮ್ಮ ಲೈಸೆನ್ಸು ನಿಮ್ಮ ಕೋವಿಗೆ ಮಾತ್ರ. ಲೈಸೆನ್ಸಿಲ್ಲದ ಕೋವಿ ಇಟ್ಟುಕೊಂಡರೆ ಈಗ ಕನಿಷ್ಠ 2, ಗರಿಷ್ಠ 5 ವರ್ಷ ಜೈಲು.

ಆಮೇಲೆ ಮರಣ ಪತ್ರ, ವಾರಸುದಾರರ ಪತ್ರ, ಉಳಿದ ವಾರಸುದಾರರ ಒಪ್ಪಿಗೆ ಪತ್ರ, ಠಾಣೆಯ ರಸೀದಿ ಇಟ್ಟು ಡಿಸಿ ಕಚೇರಿಗೆ ಅರ್ಜಿ ಕೊಡಿ. ಒಂದನ್ನು ನಿಮ್ಮ ಹೆಸರಿಗೆ ಕೇಳಿ. ಇನ್ನೊಂದಕ್ಕೆ 21 ತುಂಬಿದ ತಮ್ಮನೋ ತಂಗಿಯೋ ತಮ್ಮದೇ ಲೈಸೆನ್ಸಿಗೆ ಅರ್ಜಿ ಹಾಕಬಹುದು. ಅರ್ಜಿ ತಿರಸ್ಕಾರವಾದರೆ ಮೇಲ್ಮನವಿಗೆ 30 ದಿನ. ಯಾರಿಗೂ ಬೇಡವಾದರೆ ಮಾರಲು ಅನುಮತಿ ಕೇಳಿ. ಠಾಣೆಯಲ್ಲಿ ಬಿಟ್ಟು ಸುಮ್ಮನಾದರೆ ಗಡುವು ಮುಗಿದಮೇಲೆ ಸರ್ಕಾರಕ್ಕೆ ಮುಟ್ಟುಗೋಲಾಗುತ್ತದೆ.

ಕೋವಿ ರಿಪೇರಿಯವರ ಉತ್ತರ: ಅರ್ಜಿಗಳು ಹೆಚ್ಚಾಗಿ ಸಿಕ್ಕಿಬೀಳುವುದು ಕೋವಿಯ ಮೇಲೆ ಕೊರೆದ ನಂಬರಿನಲ್ಲಿ. ಒಯ್ಯುವ ಮೊದಲು ಕೋವಿ ಮಡಚಿ ಎರಡೂ ನಳಿಗೆ ಖಾಲಿ ಇದೆಯೇ ನೋಡಿ. ಜೋಡಿ ನಳಿಗೆಯದ್ದಾದರೆ ನಳಿಗೆ ಕಳಚಿ, ಬುಡದ ಕೆಳಗಿನ ಚಪ್ಪಟೆ ಜಾಗದಲ್ಲಿ ನಂಬರು ಹುಡುಕಿ, ಲೈಸೆನ್ಸಿನ ಪುಟದೊಂದಿಗೆ ತಾಳೆ ಹಾಕಿ. ತುಕ್ಕು ಹಿಡಿದಿದ್ದರೆ ಎಣ್ಣೆ ಬಟ್ಟೆಯಲ್ಲಿ ಒರೆಸಿ, ಉಪ್ಪುಕಾಗದ ಮುಟ್ಟಿಸಬೇಡಿ. ಅಂಕಿ ಅಳಿಸಿದರೆ ನೀವೇ ತಿದ್ದಿದಿರಿ ಎಂಬ ಅನುಮಾನ ಬರುತ್ತದೆ. ರಸೀದಿಯಲ್ಲಿ ಕಂಪನಿ, ಬೋರು (ನಳಿಗೆಯ ಒಳ ಅಳತೆ), ನಂಬರು, ತೋಟಾಗಳ ಎಣಿಕೆ ಬರೆಸಿಕೊಳ್ಳಿ. ಚರ್ಮದ ಚೀಲದಲ್ಲಿ ಕೊಡಬೇಡಿ, ಮಳೆಗಾಲದಲ್ಲಿ ಅದು ತೇವ ಹಿಡಿದು ನಳಿಗೆ ತಿನ್ನುತ್ತದೆ.

ಇನ್ನೊಬ್ಬರ ಪ್ರಶ್ನೆ: ಕೊಡಗಿನಲ್ಲಿ ಲೈಸೆನ್ಸೇ ಬೇಡ ಅನ್ನುತ್ತಾರಲ್ಲ?

ವಕೀಲರ ಉತ್ತರ: ಎಲ್ಲರಿಗೂ ಅಲ್ಲ. ಕೊಡವ ಜನಾಂಗದವರಿಗೆ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಕೇಂದ್ರ ಕೊಟ್ಟ ವಿನಾಯಿತಿ ಅದು, 2029ರ ಅಕ್ಟೋಬರ್ 31ರವರೆಗೆ. 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ತೀರ್ಥಹಳ್ಳಿಯ ತೋಟದವರಿಗೆ ಅದು ಅನ್ವಯಿಸುವುದಿಲ್ಲ.